ಹಗಲು ಹೊತ್ತು ಮುಚ್ಚಿದ ಬಾಗಿಲು

ನಮ್ಮ ಚನ್ನಗಿರಿಯ ಓಣಿಯಲ್ಲಿ ಹಗಲು ಹೊತ್ತು ಬಾಗಿಲು ಮುಚ್ಚಿದ್ದರೆ ಅದಕ್ಕೆ ಎರಡೇ ಅರ್ಥ. ಮನೆಯವರು ಊರಲ್ಲಿಲ್ಲ, ಇಲ್ಲವೇ ಮನೆಯವರಿಗೆ ಏನೋ ಆಗಿದೆ. ಒಳಗಿರುವ ಹೆಂಗಸು ಸುಮ್ಮನೆ ಒಂದೆರಡು ತಾಸು ತನ್ನ ಪಾಡಿಗೆ ತಾನು ಕೂತಿರಬಹುದು ಎಂಬ ಮೂರನೇ ಅರ್ಥ ಈ ಊರಿನ ತಲೆಗೆ ಇನ್ನೂ ಹೊಳೆದಿಲ್ಲ. ತೆರೆದ ಬಾಗಿಲಿಗೆ ಲಕ್ಷ್ಮಿ ಬರುತ್ತಾಳಂತೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ, ಲಕ್ಷ್ಮಿಯೊಬ್ಬಳನ್ನು ಬಿಟ್ಟು ಊರಿನ ಮಿಕ್ಕವರೆಲ್ಲ ಬಂದು ಕಾಫಿ ಕುಡಿದು ಹೋಗಿದ್ದಾರೆ.

ಇಂಥ ಮನೆಯಲ್ಲಿ ಕೂತು ನನ್ನ ಸೊಸೆ ವಾಣಿಶ್ರೀ ಕಂಪ್ಯೂಟರ್ ಭದ್ರತೆಯಲ್ಲಿ ಎಂ.ಎಸ್ಸಿ. ಮಾಡಲು ಹೊರಟಳು. ಅದೂ ಆನ್‌ಲೈನಿನಲ್ಲಿ. ಯಾವುದೋ ದೂರದ ಊರಿನ ಯೂನಿವರ್ಸಿಟಿ, ಪಾಠ ಲ್ಯಾಪ್‌ಟಾಪಿನಲ್ಲಿ, ಪರೀಕ್ಷೆಯೂ ಅದರಲ್ಲೇ.

ವಾಣಿ ಜಗಳೂರಿನ ಹುಡುಗಿ. ಬಿ.ಸಿ.ಎ.ಯಲ್ಲಿ ಫಸ್ಟ್ ಕ್ಲಾಸು. ಮುಂದೆ ಓದಲು ದಾವಣಗೆರೆಯಲ್ಲಿ ಸೀಟು ಸಿಕ್ಕಿದ ವಾರವೇ ನನ್ನ ಮಗ ಗುರುಬಸವರಾಜನೂ ಸಿಕ್ಕಿದ. ಎರಡರಲ್ಲಿ ಯಾವುದು ಒಳ್ಳೆಯದಿತ್ತು ಅಂತ ಹೆತ್ತ ತಾಯಿಯ ಬಾಯಲ್ಲಿ ಹೇಳಿಸಬೇಡಿ. ಈಗ ಇಲ್ಲಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಾಳೆ. ಕೆಲಸದಲ್ಲಿ ಚುರುಕು, ಲೆಕ್ಕದಲ್ಲಿ ಚುರುಕು, ಒಂದೇ ಒಂದು ರೋಗ ಏನೆಂದರೆ ಯಾರಿಗೂ ಇಲ್ಲ ಎನ್ನಲು ಬರುವುದಿಲ್ಲ. ಊರವರು ಇದನ್ನು ಒಳ್ಳೆಯತನ ಅಂತ ಕರೆಯುತ್ತಾರೆ. ಅವರಿಗೇನು, ಅನುಕೂಲವಾಗುತ್ತದೆ, ಕರೆಯುತ್ತಾರೆ.

ಆ ಓದಿನ ಒಂದು ಭಾಗಕ್ಕೆ ಡಿಜಿಟಲ್ ಫೊರೆನ್ಸಿಕ್ಸ್ ಎಂದು ಹೆಸರು. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಅಳಿಸಿ ಹಾಕಿದ್ದನ್ನು ಹುಡುಕಿ ತೆಗೆಯುವುದು, ತೆಗೆದದ್ದು ಕೋರ್ಟಿನಲ್ಲಿ ನಿಲ್ಲುವ ಹಾಗೆ ಕಾಪಾಡುವುದು. ಮೊದಲ ಪಾಠವೇ ಸಾಕ್ಷ್ಯವನ್ನು ಮುಟ್ಟಬೇಡಿ ಎಂಬುದಂತೆ. ನಮ್ಮ ಮನೆಯವರಿಗೆ ಏನು ಬೇಕಾದರೂ ಕಲಿಸಬಹುದು, ಮುಟ್ಟಬೇಡಿ ಎಂಬುದೊಂದನ್ನು ಬಿಟ್ಟು.

ಸುದ್ದಿ ಹಬ್ಬಿದ ಮಾರನೇ ದಿನವೇ ಎದುರು ಮನೆಯಾಕೆ ತನ್ನ ಸೊಸೆಯ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. "ಇದ್ರಾಗೆ ಏನೇನ್ ಅಳಿಸಾಳೆ ಎಲ್ಲಾ ತೆಗೆದು ಕೊಡವ್ವಾ. ಮನೆ ಮರ್ಯಾದೆ ಪ್ರಶ್ನೆ ಐತೆ." ಫೋನಿನ ಒಡತಿಯ ಒಪ್ಪಿಗೆ ಇಲ್ಲದೆ ಹಾಗೆಲ್ಲ ತೆಗೆಯುವಂತಿಲ್ಲ ಎಂದು ವಾಣಿ ಹೇಳಬೇಕಿತ್ತು. ಹೇಳಲಿಲ್ಲ. ಚಾರ್ಜರ್ ಸಿಗುತ್ತಿಲ್ಲ ಎಂದಳು, ಕಾಫಿ ಕೊಟ್ಟಳು. ಆಕೆ ಹೋಗಿ ಚಾರ್ಜರ್ ತಂದಳು. ಕೊನೆಗೆ ನಾನೇ ಹೊರಗೆ ಬಂದು, ಮೊದಲು ನಿನ್ನ ಫೋನು ಕೊಡು, ನೀನು ಅಳಿಸಿದ್ದನ್ನು ತೆಗೆದು ನಿನ್ನ ಸೊಸೆಗೆ ತೋರಿಸೋಣ ಎಂದ ಮೇಲೆ ಆ ವ್ಯವಹಾರ ಮುಗಿಯಿತು. ನಾನು ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿದ್ದು ರಿಟೈರ್ ಆದವಳು. ಪ್ರೇಮಲತಾ ಮೇಡಂ ಬಾಯಿ ಜೋರು ಅಂತ ಓಣಿಯಲ್ಲಿ ಮಾತಿದೆ, ಅದು ಸುಳ್ಳೇನಲ್ಲ.

ಓದಿನ ನಡುವೆ ಒಂದು ಅಸೈನ್‌ಮೆಂಟ್ ಬಂತು. ಮೋಸದ ಲಿಂಕುಗಳನ್ನು ಜನ ಹೇಗೆ ನಂಬುತ್ತಾರೆ ಎಂದು ಮನೆಯವರ ಮೇಲೆ ಪರೀಕ್ಷೆ ಮಾಡಬೇಕು, ಮೊದಲೇ ತಿಳಿಸಿ ಮಾಡಬೇಕು. ವಾಣಿ ತಿಳಿಸಿದಳು. "ನಾಳೆ ಒಂದು ಸುಳ್ಳು ಮೆಸೇಜು ಕಳಿಸ್ತೀನಿ, ಯಾರೂ ಒತ್ತಬ್ಯಾಡ್ರಿ" ಎಂದು ಊಟದ ಹೊತ್ತಿಗೆ ಎಲ್ಲರಿಗೂ ಹೇಳಿದಳು. ಮಾರನೇ ದಿನ ನಿಮ್ಮ ಅಡಿಕೆಗೆ ವಿಶೇಷ ದರ, ಇಲ್ಲಿ ಒತ್ತಿ ಎಂದು ಕಳಿಸಿದಳು. ಎಲ್ಲರೂ ಒತ್ತಿದರು. ಅಡಿಕೆ ವ್ಯಾಪಾರದಲ್ಲಿ ಕೂದಲು ಬೆಳ್ಳಗಾದ ನನ್ನ ಯಜಮಾನರು ಕಲ್ಲೇಶಪ್ಪನವರು ಎರಡು ಸಲ ಒತ್ತಿದರು, ತೆರೆಯಲಿಲ್ಲ ಎಂದು ಸೊಸೆಯನ್ನೇ ಕರೆದು ರಿಪೇರಿ ಮಾಡಿಸಲು ನೋಡಿದರು, ಮಗಳನ್ನು ಕೊಟ್ಟ ಸವಳಂಗದ ಬೀಗರಿಗೂ ಕಳಿಸಿದರು.

ಇದೆಲ್ಲ ತಮಾಷೆಯಾಗಿತ್ತು. ಪರೀಕ್ಷೆ ತಮಾಷೆಯಾಗಿರಲಿಲ್ಲ.

ಕೊನೆಯ ಪರೀಕ್ಷೆಯನ್ನು ಮನೆಯಲ್ಲೇ ಬರೆಯಬೇಕು. ಆದರೆ ಲ್ಯಾಪ್‌ಟಾಪಿನ ಕ್ಯಾಮೆರಾದ ಮೂಲಕ ಎಲ್ಲೋ ಕೂತ ಮೇಲ್ವಿಚಾರಕರೊಬ್ಬರು ಉದ್ದಕ್ಕೂ ನೋಡುತ್ತಿರುತ್ತಾರೆ. ಕೋಣೆಯಲ್ಲಿ ಬೇರೆ ಯಾರೂ ಇರಬಾರದು. ಯಾರಾದರೂ ಕಂಡರೆ ಒಂದು ಎಚ್ಚರಿಕೆ, ಬಾಯಿ ಬಿಟ್ಟು ಮಾತಾಡಿದರೆ ಇನ್ನೊಂದು, ಮೂರನೆಯದಕ್ಕೆ ಪರೀಕ್ಷೆ ರದ್ದು. ಎದ್ದು ಹೋಗುವಂತಿಲ್ಲ. ಬಾಗಿಲು ಮುಚ್ಚಿರಬೇಕು. ನಮ್ಮ ಮನೆಯಲ್ಲಿ ಬಚ್ಚಲಿಗೆ ಹೋದವರನ್ನೇ ಹೊರಗಿನಿಂದ ಮಾತಾಡಿಸುತ್ತಾರೆ. ಈ ನಿಯಮಗಳನ್ನು ಕೇಳಿ ನಾನು ನಕ್ಕೆ, ವಾಣಿ ನಗಲಿಲ್ಲ.

ಮೊದಲ ಸಲ ಯೂನಿವರ್ಸಿಟಿ ಕೊಟ್ಟ ದಿನ ಆಯುಧ ಪೂಜೆಯದಾಗಿತ್ತು. ಬೆಳಿಗ್ಗೆ ವಾಣಿ ಸ್ನಾನ ಮಾಡಿ ಬಂದು ನೋಡುವಾಗ ಲ್ಯಾಪ್‌ಟಾಪು ದೇವರ ಮುಂದೆ, ತಕ್ಕಡಿ ಮತ್ತು ಅಡಿಕೆ ಸುಲಿಯುವ ಕತ್ತಿಗಳ ಮಧ್ಯೆ ಸೇವಂತಿಗೆ ಹಾರ ಹಾಕಿಸಿಕೊಂಡು ಕೂತಿತ್ತು. ನಮ್ಮ ಯಜಮಾನರು ಭಕ್ತಿಯಿಂದ ಮೂರು ಎಳೆ ವಿಭೂತಿ ಎಳೆದು, ನಡುವೆ ಕುಂಕುಮದ ಬೊಟ್ಟನ್ನು ಸರಿಯಾಗಿ ಕ್ಯಾಮೆರಾದ ಕಣ್ಣಿನ ಮೇಲೇ ಇಟ್ಟಿದ್ದರು. ಪೂಜೆಗಿಟ್ಟ ಆಯುಧವನ್ನು ಅವತ್ತು ಮುಟ್ಟುವಂತಿಲ್ಲ. "ಮಾವ, ಇವತ್ತು ಪರೀಕ್ಷೆ ಐತ್ರಿ" ಎಂದು ವಾಣಿ ಕಂಬದ ಹಿಂದೆ ನಿಂತು ಹೇಳಿದಳು. "ಒಂದಿನ ತಡೆದ್ರೆ ಕಂಪ್ಯೂಟ್ರೇನ್ ಓಡಿ ಹೋಗ್ತತೇನವ್ವಾ? ಅದಕ್ಕೂ ರೆಸ್ಟ್ ಬೇಕು" ಎಂದರು ಅವರು. ನಾನು ಅಡುಗೆಮನೆಯಿಂದ ಬಂದು ಕೂಗಾಡುವ ಹೊತ್ತಿಗೆ ಸಮಯ ಮೀರಿತ್ತು. ವಾಣಿ ಪುಳಿಯೋಗರೆ ಬಡಿಸಿದಳು.

ಎರಡನೇ ಸಲ ನಾನು ಕಣ್ಣಿನ ಪೊರೆಗೆಂದು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದೆ. ಹಾಗಾಗಿ ನಡೆದದ್ದನ್ನು ಹತ್ತು ಬಾಯಿಂದ ಕೇಳಿ ಸೋಸಿ ಹೇಳುತ್ತಿದ್ದೇನೆ. ವಾಣಿ ಈ ಸಲ ಬುದ್ಧಿವಂತಿಕೆ ಮಾಡಿ ಕೋಣೆಯ ಚಿಲಕ ಒಳಗಿನಿಂದ ಹಾಕಿಕೊಂಡು ಕೂತಳು. ಅದೇ ಹೊತ್ತಿಗೆ ಸವಳಂಗದಿಂದ ನಮ್ಮ ಬೀಗರು ಮರುಳಸಿದ್ದಪ್ಪ ಮತ್ತು ಅವರ ಹೆಂಡತಿ ಮಗಳ ಮದುವೆ ಕರೆಯಲು ಬಂದರು. ಮದುವೆ ಕರೆಯುವುದೆಂದರೆ ನಮ್ಮ ಕಡೆ ಕಾರ್ಡು ಎಸೆದು ಹೋಗುವುದಲ್ಲ. ಮನೆಯ ಸೊಸೆಯ ಹಣೆಗೆ ಕುಂಕುಮ ಇಟ್ಟು, ಕೈಗೆ ಕಾರ್ಡು ಕೊಟ್ಟು, ಬರಲೇಬೇಕು ಎಂದು ಬಾಯಿ ತುಂಬ ಹೇಳಿದರೆ ಕರೆದ ಹಾಗೆ. ಆ ಬೀಗಿತ್ತಿ ಕುಂಕುಮದ ಭರಣಿ ಹಿಡಿದು ಕೋಣೆಯ ಬಾಗಿಲು ತಟ್ಟಿದರು. ಉತ್ತರವಿಲ್ಲ. ಮಾತಾಡಿದರೆ ಎಚ್ಚರಿಕೆ ಎಂದು ವಾಣಿ ತುಟಿ ಬಿಗಿಹಿಡಿದಿದ್ದಳು. ಮತ್ತೆ ತಟ್ಟಿದರು, ಹೆಸರು ಹಿಡಿದು ಕೂಗಿದರು, ಉತ್ತರವಿಲ್ಲ.

ಹಗಲು ಹೊತ್ತು, ಒಳಗಿನಿಂದ ಚಿಲಕ, ಕೂಗಿದರೆ ಓಗೊಡದ ಸೊಸೆ, ಅತ್ತೆ ಬೇರೆ ಮನೆಯಲ್ಲಿಲ್ಲ. ಓಣಿಯವರು ಕೂಡಿಸಿ ಕಳೆದು ಒಂದೇ ಉತ್ತರಕ್ಕೆ ಬಂದರು. ನಮ್ಮ ಯಜಮಾನರು "ಅಯ್ಯೋ ನನ್ನ ತಾಯೀ" ಎಂದು ಎದೆ ಹಿಡಿದುಕೊಂಡು ಕೂತರಂತೆ. ಪರೀಕ್ಷೆಯ ವಿಷಯ ಅವರಿಗೆ ಬೆಳಿಗ್ಗೆ ತಿಂಡಿಯ ಹೊತ್ತಿಗೇ ಹೇಳಿಯಾಗಿತ್ತು, ಆದರೆ ಅದು ಮೊದಲ ಇಡ್ಲಿಯ ಜೊತೆಗೇ ಇಳಿದು ಹೋಗಿತ್ತು. ಯಾರೋ ಹಾರೆ ತಂದರು. ತೇಗದ ಬಾಗಿಲು, ನಮ್ಮ ಮಾವನ ಕಾಲದ್ದು, ಚೌಕಟ್ಟಿನ ಸಮೇತ ಎದ್ದು ಬಂತು.

ಯೂನಿವರ್ಸಿಟಿಯವರು ಪರೀಕ್ಷೆ ರದ್ದು ಮಾಡಿ, ಕಾರಣಕ್ಕೆ ಸಾಕ್ಷ್ಯವಾಗಿ ಕ್ಯಾಮೆರಾ ಹಿಡಿದ ಒಂದು ಚಿತ್ರವನ್ನೂ ಕಳಿಸಿದರು. ಮುಂದೆ ವಾಣಿ, ಕಣ್ಣು ಮುಚ್ಚಿಕೊಂಡಿದ್ದಾಳೆ. ಹಿಂದೆ ಹಾರೆ ಹಿಡಿದ ಎದುರು ಮನೆಯವನು, ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟು ಕುಂಕುಮದ ಭರಣಿ ಹಿಡಿದ ಬೀಗಿತ್ತಿ, ಅವರ ಭುಜದ ಮೇಲಿಂದ ಇಣುಕುತ್ತಿರುವ ಅರ್ಧ ಓಣಿ. ನಮ್ಮ ಯಜಮಾನರು ಆ ಚಿತ್ರವನ್ನು ಕನ್ನಡಕ ಹಾಕಿಕೊಂಡು ನೋಡಿ, ಎಲ್ಲರೂ ಚೆನ್ನಾಗಿ ಬಂದಿದ್ದಾರೆ, ನನಗೂ ಒಂದು ಕಳಿಸು ಎಂದರು.

ಬಾಗಿಲು ಮುರಿದವರಿಗೆ ಅವತ್ತು ವಾಣಿ ಉಪ್ಪಿಟ್ಟು ಮಾಡಿ ಹಾಕಿದಳು ಎಂದು ಕೇಳಿ ನನ್ನ ಹೊಟ್ಟೆ ಉರಿದು ಹೋಯಿತು. ಬಂದವಳೇ ಬೈದೆ. "ಅಲ್ಲವೇ, ಕಂಪ್ಯೂಟರಿಗೆ ಬೀಗ ಹಾಕೋದು ಕಲಿಯಾಕೆ ಹೊಂಟಾಕಿ, ಒಂದು ಸಲ ಬಾಯಿಬಿಟ್ಟು ಹೊರಗೆ ಹೋಗ್ರಿ ಅನ್ನಾಕೆ ಬರಲ್ಲೇನೇ ನಿನಗೆ?"

ಅವಳು ಈರುಳ್ಳಿ ಹೆಚ್ಚುತ್ತಿದ್ದಳು. "ಬರಲ್ಲ ಅತ್ತೆ" ಎಂದಳು. ಇನ್ನೊಂದು ಈರುಳ್ಳಿ ಎತ್ತಿಕೊಂಡು, "ಈ ಮನೆಯಾಗೆ ನಂದು ಅಂತ ಇದೊಂದಾದ್ರೂ ಇರ್ಲಿ ಅನ್ಕೊಂಡಿದ್ದೆ. ಇನ್ನೊಂದೇ ಸಲ ಕೊಡ್ತಾರಂತೆ. ಅದೂ ತಪ್ಪಿದ್ರೆ ಓದಿದ್ದೆಲ್ಲಾ ಹೋತು" ಎಂದಳು. ಈರುಳ್ಳಿಗೆ ಬಂದ ಕಣ್ಣೀರು ಯಾವುದು ಎಂದು ನನಗೆ ಗೊತ್ತಾಗುತ್ತದೆ, ಅದು ಈರುಳ್ಳಿಯದಾಗಿರಲಿಲ್ಲ. ನನಗೆ ಅವಳ ಮೇಲೆ ಬಂದಿದ್ದ ಸಿಟ್ಟು ಅಷ್ಟೂ ಮನೆಯ ಗಂಡಸರ ಕಡೆ ತಿರುಗಿತು.

ಮೂರನೇ ಸಲಕ್ಕೆ ಕಾವಲು ನನ್ನದು ಎಂದು ಹೇಳಿಬಿಟ್ಟೆ. ಬಡಗಿ ಬೆನಕಪ್ಪ ಚೌಕಟ್ಟು ಕೂರಿಸಿ ಚಿಲಕ ಹಾಕಿಕೊಡಲು ನಾಳೆ ಬರುತ್ತೇನೆ ಎಂದಿದ್ದ. ಬಡಗಿಯ ನಾಳೆ ಪಂಚಾಂಗದಲ್ಲಿ ಸಿಗುವುದಿಲ್ಲ. ಬಾಗಿಲನ್ನು ಹೇಗೋ ಆನಿಸಿ ನಿಲ್ಲಿಸಿದ್ದೆವು, ಬೆರಳಲ್ಲಿ ತಳ್ಳಿದರೆ ತೆರೆಯುತ್ತಿತ್ತು. ಹಾಗಾಗಿ ಜನ ಆ ಬಾಗಿಲ ತನಕ ಬರದ ಹಾಗೆ ಮಾಡಬೇಕಿತ್ತು. ಪರೀಕ್ಷೆ ಇದೆ ಬರಬೇಡಿ ಎಂದರೆ ಹೇಗೆ ಬರೆಯುತ್ತಾಳೆ ನೋಡೋಣ ಎಂದು ಬರುವ ಊರು ಇದು. ನಾನು ಯೋಚನೆ ಮಾಡಿದೆ. ಹಿಂದಿನ ದಿನವೇ ಹಿತ್ತಲಿನ ಬೇವಿನ ಮರದಿಂದ ಒಂದು ಹೊರೆ ಸೊಪ್ಪು ಮುರಿದು ತಂದು ಬೀದಿ ಬಾಗಿಲಿಗೆ ದಪ್ಪಗೆ ತೋರಣ ಕಟ್ಟಿದೆ.

ಬಾಗಿಲಿಗೆ ಬೇವು ಕಟ್ಟಿದರೆ ಒಳಗೆ ಯಾರಿಗೋ ಅಮ್ಮ ಆಗಿದೆ, ಎಂದರೆ ಸೀತಾಳೆ ಸಿಡುಬು ಎದ್ದಿದೆ ಎಂದು ಅರ್ಥ. ಯಾರೂ ಕಾಲಿಡುವುದಿಲ್ಲ. ಮದುವೆ ಕರೆಯುವವರು ಇರಲಿ, ಸಾಲ ಕೇಳುವವರೂ ಬರುವುದಿಲ್ಲ. ಸಂಜೆಯೊಳಗೆ ಓಣಿಯಲ್ಲಿ ಸುದ್ದಿಯಾಯಿತು. ಎದುರು ಮನೆಯಾಕೆ ಬೀದಿಯ ಆಚೆಯಿಂದಲೇ ಎಳನೀರು ಉರುಳಿಸಿದಳು. ಆಶಾ ಕಾರ್ಯಕರ್ತೆ ಫೋನು ಮಾಡಿದಳು, ಸೆಕೆ ಗುಳ್ಳೆ ಕಣಮ್ಮಾ, ಹೆಂಗಸರ ಭಯ ಎಂದು ಸಾಗಹಾಕಿದೆ. ವಾಣಿ ಕಲಿಯುವ ಪುಸ್ತಕದಲ್ಲಿ, ಹೊರಗಿನವರನ್ನು ಕಂಪ್ಯೂಟರಿನೊಳಗೆ ಬಿಡದ ಫೈರ್‌ವಾಲ್ ಎಂಬುದಕ್ಕೆ ಒಂದು ಇಡೀ ಅಧ್ಯಾಯವಿದೆ. ನಾನು ಒಂದು ಹೊರೆ ಸೊಪ್ಪಿನಲ್ಲಿ ಮುಗಿಸಿದೆ.

ಮಾರನೇ ದಿನ ಬೆಳಿಗ್ಗೆ ತಿಂಡಿ ಮುಗಿದ ಕೂಡಲೇ ಗಂಡನನ್ನೂ ಮಗನನ್ನೂ ಅಡಿಕೆ ಮಂಡಿಗೆ ಅಟ್ಟಿದೆ. ವಾಣಿ ಕ್ಯಾಮೆರಾದಲ್ಲಿ ಕೋಣೆಯನ್ನೆಲ್ಲ ತೋರಿಸಿದಳು. ಮಂಚದ ಕೆಳಗಿನ ಅಡಿಕೆ ಮೂಟೆಗಳನ್ನು ಕಂಡು ಮೇಲ್ವಿಚಾರಕರು ಅದರ ಹಿಂದೆ ಯಾರಿದ್ದಾರೆ ಎಂದು ಕೇಳಿದರಂತೆ, ಒಂದೊಂದನ್ನೇ ಎಳೆದು ತೋರಿಸಬೇಕಾಯಿತು. ಪರೀಕ್ಷೆ ಶುರುವಾಯಿತು. ನಾನು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಓಣಿ ಎಂದೂ ಇಲ್ಲದಷ್ಟು ತಣ್ಣಗಿತ್ತು, ನನಗೆ ನನ್ನ ಮೇಲೆ ಬಹಳ ಹೆಮ್ಮೆ ಬಂತು.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರಲ್ಲ. ಆಗ ಬಂದರು ಕೊಲ್ಲಾಪುರಮ್ಮ.

ಕೊಲ್ಲಾಪುರಮ್ಮ ನಮ್ಮ ಯಜಮಾನರ ದೊಡ್ಡಕ್ಕ. ಜಗಳೂರು ತಾಲ್ಲೂಕಿನ ಸೊಕ್ಕೆಗೆ ಕೊಟ್ಟಿದ್ದು. ಅವರ ಮೈಮೇಲೆ ಅಮ್ಮ ಬರುತ್ತಾಳೆ. ಹಬ್ಬದಲ್ಲಿ ಬರುತ್ತಾಳೆ, ಮನೆಯಲ್ಲಿ ಜಗಳವಾದಾಗಲೂ ಬರುತ್ತಾಳೆ. ಬಂದಾಗ ಗಂಡನಿಂದ ಹಿಡಿದು ಊರ ಗೌಡರವರೆಗೆ ಎಲ್ಲರೂ ಕೈಕಟ್ಟಿ ನಿಲ್ಲುತ್ತಾರೆ. ಸುತ್ತಲ ಹಳ್ಳಿಗಳಲ್ಲಿ ಯಾರಿಗೆ ಅಮ್ಮ ಆದರೂ ಬೇವಿನ ನೀರು ಹಾಕಿ ನೋಡಿಕೊಳ್ಳುವುದು ಅವರೇ. ಅಂದರೆ ಬೇವಿನ ತೋರಣ ಕಂಡರೆ ಊರೆಲ್ಲ ದೂರ ಹೋಗುತ್ತದೆ, ಇವರೊಬ್ಬರು ಹತ್ತಿರ ಬರುತ್ತಾರೆ. ಇದು ನನಗೆ ಹೊಳೆದಿರಲೇ ಇಲ್ಲ. ನಮ್ಮ ಯಜಮಾನರು ರಾತ್ರಿ ಅಕ್ಕನಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದರು. ಬೇವು ಸುಳ್ಳಿಗೆ ಕಟ್ಟಿದ್ದು ಎಂದು ಅವರಿಗೆ ಹೇಳಿದ್ದೆ, ಅದೂ ಇಡ್ಲಿಯ ದಾರಿಯನ್ನೇ ಹಿಡಿದಿತ್ತು.

"ಎಲ್ಲಿ ಪ್ರೇಮಾ, ಕೂಸು?" ಎನ್ನುತ್ತ ಅವರು ಅರಿಶಿನದ ಗಂಟು ಹಿಡಿದು ಒಳಗೆ ಬಂದರು.

"ಮಲಗಾಳೆ ಅಕ್ಕಾ. ನೀವು ಕುಂತ್ಕಳ್ರಿ" ಎಂದು ಅಡ್ಡ ನಿಂತೆ.

"ಕುಂದ್ರಾಕೆ ಬಂದಿಲ್ಲ ಕಣೆ. ದಾವಣಗೆರೆ ಮ್ಯಾಲೆ ಎರಡು ಬಸ್ಸು ಬದಲಿಸಿ ಬಂದೀನಿ. ಮೈಗೆ ಹೆಂಗೆ ಎದ್ದೈತೆ ನೋಡ್ಬೇಕು, ಬಿಡು."

"ಬ್ಯಾಡ್ರಿ ಅಕ್ಕಾ, ನಿಮಗೆ ಅಂಟ್ಕಂಡೀತು."

"ನನಗಾ?" ಎಂದು ಅವರು ನನ್ನನ್ನು ನೋಡಿದ ರೀತಿಗೆ, ಇಡೀ ಸರ್ವಿಸ್‌ನಲ್ಲಿ ಇನ್‌ಸ್ಪೆಕ್ಟರಿಗೂ ಹೆದರದ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆದರೂ ದಾರಿ ಬಿಡಲಿಲ್ಲ. ಪಿಸುಮಾತಿನಲ್ಲಿ ನಾನು, ಜೋರು ದನಿಯಲ್ಲಿ ಅವರು, ಹೀಗೆ ನಾವಿಬ್ಬರು ಪಡಸಾಲೆಯಲ್ಲಿ ಎಳೆದಾಡುತ್ತಿರುವಾಗ ಹಿತ್ತಲ ಬಾಗಿಲಿನಿಂದ ನನ್ನ ಸುಪುತ್ರ ಬಂದ.

ಬೀದಿ ಬಾಗಿಲನ್ನು ಕಾಯುತ್ತಿದ್ದ ನಾನು ಹಿತ್ತಲ ಕಡೆ ಬೆನ್ನು ಮಾಡಿ ನಿಂತಿದ್ದೆ. ಬೇಲಿಯೇ ಎದ್ದು ಹೊಲ ಮೇಯುತ್ತದೆ ಎಂದು ಎಷ್ಟು ಮಕ್ಕಳಿಗೆ ಗಾದೆ ಬರೆಸಿದ್ದೇನೋ, ನನಗೇ ನೆನಪಾಗಲಿಲ್ಲ. ಅವನಿಗೆ ಅವತ್ತು ಹೊನ್ನಾಳಿಯಲ್ಲಿ ಸೈಬರ್ ಜಾಗೃತಿ ಕಾರ್ಯಕ್ರಮವಂತೆ. ಅದಕ್ಕೆ ಇವನು ಅತಿಥಿ. ಸೈಬರ್ ಓದುತ್ತಿರುವವಳು ಹೆಂಡತಿ, ಹಾರ ಹಾಕಿಸಿಕೊಳ್ಳುವವನು ಗಂಡ. ಹೆಂಡತಿಯ ಓದಿಗೆ ಬೆನ್ನೆಲುಬಾಗಿ ನಿಂತ ಮಾದರಿ ಪತಿ ಎಂದು ಆಹ್ವಾನ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದ್ದರು. ಬೆನ್ನೆಲುಬು ನೇರವಾಗಿ ಹೋಗಿ ಕೋಣೆಯ ಬಾಗಿಲು ತಳ್ಳಿತು.

"ವಾಣೀ, ನನ್ನ ಇಸ್ತ್ರಿ ಮಾಡಿದ ಬಿಳೇ ಶರ್ಟ್ ಎಲ್ಲೈತೆ?"

ಮುಗಿಯಿತು ಎಂದುಕೊಂಡೆ. ಅವಳು ಎದ್ದು ಬೀರು ತೆಗೆದು ಶರ್ಟು ಕೊಡುತ್ತಾಳೆ, ಆಮೇಲೆ ಕರ್ಚೀಫೂ ಕೊಡುತ್ತಾಳೆ, ಅವಳು ಇಲ್ಲ ಎನ್ನುವುದಿಲ್ಲ.

"ಅದೇ, ಗುಂಡಿ ಹಾಕ್ಕೊಡು ಅಂದಿದ್ನಲ್ಲ, ಅದು" ಎಂದ ಇವನು, ಇನ್ನೂ ಒಂದು ಹೆಜ್ಜೆ ಒಳಗಿಟ್ಟು.

"ಹೊರಗೆ ಹೋಗ್ರಿ!"

ಆ ದನಿ ನಮ್ಮ ಮನೆಯಲ್ಲಿ ಯಾವತ್ತೂ ಕೇಳಿದ್ದಲ್ಲ. ಗೋಡೆಯ ಮೇಲಿನ ಹಲ್ಲಿ ಕೂಡ ಓಡಿತು. ನನ್ನ ಮಗ ಕಾಲೆತ್ತಿದವನು ಕಾಲೆತ್ತಿಕೊಂಡೇ ನಿಂತ. ಕೊಲ್ಲಾಪುರಮ್ಮ ನನ್ನ ಕೈಯಿಂದ ತೋಳು ಬಿಡಿಸಿಕೊಂಡರು. ಅವರು ಅರಿಶಿನದ ಗಂಟನ್ನು ಕೆಳಗಿಟ್ಟು ಎರಡೂ ಕೈ ಜೋಡಿಸಿದರು.

"ಅಮ್ಮ ಮಾತಾಡಿದ್ಲು" ಎಂದರು. ಮರುಗಳಿಗೆಯಲ್ಲಿ, ಕೋಣೆಯೊಳಗೆ ಕಾಲಿಡದೆ, ಹೊಸ್ತಿಲಾಚೆಯಿಂದಲೇ ಕೈಚಾಚಿ ಸೋದರಳಿಯನ ಅಂಗಿಯ ಕಾಲರು ಹಿಡಿದು ಎಳೆದರು. "ಬಾರೋ ಹೊರಗೆ! ಅಪ್ಪಣೆ ಆಗೈತೆ ಕೇಳ್ಸಲಿಲ್ಲೇನೋ? ಎದುರು ನಿಂತ್ರೆ ಸುಟ್ಟು ಹೋಗ್ತೀಯ."

ಅವನು ಏನೋ ಹೇಳಲು ಬಾಯಿ ತೆರೆದ. ಅವರು ಅವನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಬಾಗಿಲನ್ನು ಮೆಲ್ಲಗೆ ಎಳೆದು, ಅದಕ್ಕೆ ಬೆನ್ನು ಮಾಡಿ ಹೊಸ್ತಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತುಬಿಟ್ಟರು. ನನಗೂ ಕಣ್ಣಲ್ಲೇ ಸುಮ್ಮನಿರು ಎಂದರು. ಆಮೇಲೆ ಊಟಕ್ಕೆ ಬಂದ ನಮ್ಮ ಯಜಮಾನರನ್ನು ಬರೀ ಒಂದು ಬೆರಳೆತ್ತಿ ಹಿಂದಕ್ಕೆ ಕಳಿಸಿದರು. ಮಾದರಿ ಪತಿ ಹಿಂದಿನ ದಿನದ ಮಾಸಿದ ಅಂಗಿಯಲ್ಲೇ ಹೊನ್ನಾಳಿಗೆ ಹೋಗಿ ಭಾಷಣ ಮಾಡಿ ಬಂದ. ಚಪ್ಪಾಳೆ ಬಿತ್ತಂತೆ.

ನನಗೆ ಆ ಹೊತ್ತು ಕಳೆದದ್ದು ಹೇಗೆ ಎಂದು ನನಗೇ ಗೊತ್ತು. ಗಂಡ ಕಂಡದ್ದಕ್ಕೆ ಒಂದು ಎಚ್ಚರಿಕೆ, ಬಾಯಿ ಬಿಟ್ಟದ್ದಕ್ಕೆ ಇನ್ನೊಂದು. ಒಳಗೆ ಒಂದು ಕೆಮ್ಮು ಬಂದರೂ ಮೂರನೆಯದೂ ಆಯಿತೇ ಎಂದು ಬಾಗಿಲ ಕಡೆ ಕಿವಿ ಕೊಡುತ್ತಿದ್ದೆ. ಕೊನೆಗೆ ಬಾಗಿಲು ಕದಲಿತು, ಕೊಲ್ಲಾಪುರಮ್ಮ ಎದ್ದು ಸರಿದು ನಿಂತರು. ವಾಣಿ ಹೊರಗೆ ಬಂದಳು. ಮುಖ ಬೆವರಿತ್ತು.

"ಪೂರ್ತಿ ಬರೆದೆ ಅತ್ತೆ" ಎಂದಳು. "ಎರಡು ಎಚ್ಚರಿಕೆ ಕೊಟ್ರು. ಆದ್ರೂ ಕೊನೇ ತನಕ ಬಿಟ್ರು."

ನಾನು ಅವಳನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಫಲಿತಾಂಶ ಬಂದದ್ದು ಆಮೇಲೆ, ಪಾಸು. ಆದರೆ ನಾನು ಅತ್ತದ್ದು ಅವತ್ತೇ.

ಅಳು ಮುಗಿದ ಮೇಲೆ ನೆನಪಾಯಿತು, ಕೊಲ್ಲಾಪುರಮ್ಮ ಪಕ್ಕದಲ್ಲೇ ನಿಂತಿದ್ದಾರೆ. ಅವರು ವಾಣಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು, ತೋಳು ನೋಡಿದರು, ಕತ್ತು ನೋಡಿದರು. "ಒಂದು ಗುಳ್ಳೇನೂ ಇಲ್ಲವಲ್ಲೇ?" ಎಂದರು ನನ್ನ ಕಡೆ ತಿರುಗಿ.

ಇನ್ನು ಮುಚ್ಚಿಡಲು ದಾರಿ ಇರಲಿಲ್ಲ. ಬೇವು ಕಟ್ಟಿದ್ದು ಯಾಕೆ, ಒಳಗೆ ನಡೆದದ್ದು ಏನು, ಎಲ್ಲ ಹೇಳಿದೆ. ದೇವಿಯ ಹೆಸರಿನಲ್ಲಿ ಸುಳ್ಳು ಹೇಳಿದ್ದಕ್ಕೆ ಅವರು ಕುಲವನ್ನೆಲ್ಲ ಎತ್ತಿ ಬೈಯುತ್ತಾರೆ ಎಂದು ಮೈ ಬಿಗಿ ಮಾಡಿಕೊಂಡೆ. ಅವರು ಬೈಯಲಿಲ್ಲ. ವಾಣಿಯ ಕಡೆ ತಿರುಗಿದರು.

"ಹಂಗಾದ್ರೆ, ಹೊರಗೆ ಹೋಗು ಅಂದಿದ್ದು ಯಾರವ್ವಾ?"

ವಾಣಿ ತಲೆ ತಗ್ಗಿಸಿದಳು. "ನಾನೇ ದೊಡ್ಡತ್ತೆ. ತಪ್ಪಾತು."

ಕೊಲ್ಲಾಪುರಮ್ಮ ಗೋಡೆ ಹಿಡಿದು ಮೆಲ್ಲಗೆ ಕೂತರು. ಅವರ ದನಿ ತೀರಾ ಸಣ್ಣದಾಗಿತ್ತು, ಇದ್ದಕ್ಕಿದ್ದ ಹಾಗೆ ಮುದುಕಿಯಾದಂತೆ ಕಂಡರು.

"ತಪ್ಪಾತು ಅನ್ನಬ್ಯಾಡ ಕಣವ್ವಾ. ನನ್ನ ಗಂಡಗೆ ಆ ಒಂದು ಮಾತು ಹೇಳಾಕೆ ನಾನು ಜೀವಮಾನ ಪೂರ್ತಿ ಅಮ್ಮನ್ನ ಮೈಮ್ಯಾಲೆ ಕರೆಸ್ಕಂಡೆ."